ಸ್ಕ್ಯಾನರ್‌ಗೆ ಕನ್ನಡ ಬಂದ ದಿನ

ಪರೀಕ್ಷೆ ಮುಗಿದು ಕಾಲೇಜು ಖಾಲಿಯಾದ ಮೇಲೆ ನಮ್ಮ ಲೈಬ್ರರಿಯಲ್ಲಿ ಸ್ಟಾಕ್ ವೆರಿಫಿಕೇಷನ್ ಶುರುವಾಗುತ್ತದೆ. ಒಂದೊಂದೇ ಪುಸ್ತಕ ಇಳಿಸಿ, ಧೂಳು ಒರೆಸಿ, ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದು ಮತ್ತೆ ಅದೇ ಜಾಗದಲ್ಲಿ ಇಡುವ ಕೆಲಸ. ಮಾಡುವವರು ಇಬ್ಬರೇ, ನಾನು ಮತ್ತು ನಮ್ಮ ಅಟೆಂಡರ್. ಅವರನ್ನು ನಾನು ಅಣ್ಣ ಅಂತಲೇ ಕರೆಯುವುದು.

ಆ ದಿನ ಮೊದಲ ಪುಸ್ತಕಕ್ಕೇ ತೊಡಕು. ಸ್ಕ್ಯಾನರ್ ಪೀಂ ಅಂದಿತು, ಆದರೆ ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶ ಇಂಥ ಪುಸ್ತಕವೇ ಇಲ್ಲ ಅಂದಿತು. ನೋಡಿದರೆ ಡಿಸಿಎಲ್ 00417 ಅಂತ ಇಂಗ್ಲಿಷಿನಲ್ಲಿ ಬರಬೇಕಾದ ಜಾಗದಲ್ಲಿ "ಅಣಥ00417" ಅಂತ ಕೂತಿತ್ತು.

"ಮೇಡಂ, ಸ್ಕ್ಯಾನರ್‌ಗೂ ಕನ್ನಡ ಬಂದ್ಬಿಡ್ತು ನೋಡಿ" ಅಂದರು ಅಣ್ಣ.

ಹಿಂದಿನ ದಿನ ಕನ್ನಡ ಪುಸ್ತಕಗಳ ಹೆಸರು ಟೈಪ್ ಮಾಡಿದ್ದೆ. ಅದಕ್ಕೆ ಹಾಕಿಕೊಂಡಿದ್ದ ಇನ್‌ಸ್ಕ್ರಿಪ್ಟ್ ಕನ್ನಡ ಲೇಔಟ್, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಜೋಡಣೆ, ಹಾಗೇ ಉಳಿದಿತ್ತು, ಅದು ನನಗೂ ಗೊತ್ತಿತ್ತು. ಆದರೆ ಅದು ಕೀಬೋರ್ಡಿಗೆ ತಾನೇ, ಸ್ಕ್ಯಾನರ್‌ಗೇನು ಅಂದುಕೊಂಡೆ. ಕನ್ನಡವೇ ಕಾರಣವಾದರೆ ಅಂಕಿಗಳೂ ಕನ್ನಡದಲ್ಲಿ ಬರಬೇಕಲ್ವಾ? ಅನುಮಾನ ಕಳೆಯಲು ಅಣ್ಣನ ಚೀಲದಲ್ಲಿದ್ದ ಬಿಸ್ಕತ್ ಪ್ಯಾಕೆಟ್ ಸ್ಕ್ಯಾನ್ ಮಾಡಿದೆವು. 890ರಿಂದ ಶುರುವಾಗುವ 13 ಅಂಕಿ ಚೊಕ್ಕವಾಗಿ ಬಂತು. ಹಾಗಾದರೆ ಸ್ಕ್ಯಾನರ್ ಸರಿ ಇದೆ, ನಮ್ಮ ಸ್ಟಿಕ್ಕರೇ ಸರಿಯಿಲ್ಲ ಅಂತ ತೀರ್ಮಾನಿಸಿ ಒಂದು ಹಾಳೆ ಲೇಬಲ್ ಹೊಸದಾಗಿ ಪ್ರಿಂಟ್ ತೆಗೆದೆ. ಅದರಲ್ಲೂ ಅಣಥ. ಹಾಳೆ ದಂಡ.

ನಮ್ಮ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್. ಸ್ಕ್ಯಾನರ್ ಕಿತ್ತು, ವಿಂಡೋಸ್ ಬದಲು ಉಬುಂಟು ಇದ್ದ ಪಕ್ಕದ ಕಂಪ್ಯೂಟರಿಗೆ ಚುಚ್ಚಿದೆ. ಅಲ್ಲೂ ಕನ್ನಡ ಲೇಔಟ್ ಇತ್ತು. ಈ ಸಲ ಬಿಸ್ಕತ್ ಪ್ಯಾಕೆಟ್ಟೇ "೮೯೦" ಅಂತ ಬಂತು! ಆಗ ತಲೆಗೆ ಹೋಯಿತು. ವಿಂಡೋಸ್‌ನ ಕನ್ನಡ ಲೇಔಟಿನಲ್ಲಿ ಅಂಕಿಯ ಕೀಲಿ ಒತ್ತಿದರೆ ಇಂಗ್ಲಿಷ್ ಅಂಕಿಯೇ ಬರುತ್ತಿತ್ತು. ಉಬುಂಟುವಿನಲ್ಲಿ ಕನ್ನಡ ಅಂಕಿ. ಬಿಸ್ಕತ್ ನಮ್ಮನ್ನು ಅರ್ಧ ದಿನ ಯಾಮಾರಿಸಿತ್ತು.

ಸ್ಕ್ಯಾನರ್ ಅಕ್ಷರ ಕಳಿಸುವುದೇ ಇಲ್ಲ. ಕಂಪ್ಯೂಟರ್ ಮುಂದೆ ಅದು ತಾನೂ ಒಂದು ಯುಎಸ್‌ಬಿ ಕೀಬೋರ್ಡ್ ಅಂತಲೇ ಹೇಳಿಕೊಳ್ಳುತ್ತದೆ. ಕಳಿಸುವುದು ಬರೀ ಕೀಲಿಯ ನಂಬರ್. ಯುಎಸ್‌ಬಿ ಲೆಕ್ಕದಲ್ಲಿ 'ಎ' ಕೀಲಿ 4, 'ಬಿ' 5, 'ಡಿ' 7. ದೊಡ್ಡ 'ಡಿ' ಬೇಕಾದರೆ ಶಿಫ್ಟ್ ಜೊತೆ 7. ಅದು ಹೇಳುವುದು ಮನೆ ನಂಬರ್ ಅಷ್ಟೇ. ಆ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಲೇಔಟಿಗೆ ಬಿಟ್ಟಿದ್ದು. ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಒತ್ತಿ 'ಡಿ' ಅಂದರೆ ಅ, 'ಸಿ' ಅಂದರೆ ಣ, 'ಎಲ್' ಅಂದರೆ ಥ. ಅಣಥ!

ಅಷ್ಟು ಗೊತ್ತಾದ ಮೇಲೆ ಸುಮ್ನೆ ಇಂಗ್ಲಿಷಿಗೆ ಬದಲಾಯಿಸಿಕೊಂಡು ಕೆಲಸ ಮುಂದುವರಿಸಬಹುದಿತ್ತು. ಆದರೆ ಒಂದು ಸಲ ಮರೆತರೆ ಮತ್ತೆ ಇದೇ ಗೋಳು. ಸ್ಕ್ಯಾನರ್ ಜೊತೆ ಬಂದ ಪುಸ್ತಿಕೆಯಲ್ಲಿ ಆಲ್ಟ್ ಮೋಡ್ ಅಂತ ಒಂದು ಬಾರ್‌ಕೋಡ್ ಇತ್ತು. ಅದನ್ನು ಸ್ಕ್ಯಾನ್ ಮಾಡಿದರೆ ಪ್ರತಿ ಅಕ್ಷರಕ್ಕೂ ಆಲ್ಟ್ ಕೀಲಿ ಹಿಡಿದು ನಂಬರ್ ಪ್ಯಾಡಿನಲ್ಲಿ ಆ ಅಕ್ಷರದ ಸಂಕೇತ ಸಂಖ್ಯೆ ಒತ್ತಿದ ಹಾಗೆ ಕಳಿಸುತ್ತದೆ. ವಿಂಡೋಸ್‌ನಲ್ಲಿ ಕೆಲಸ ಮಾಡಿತು, ಕನ್ನಡ ಇದ್ದರೂ ಡಿಸಿಎಲ್ ಡಿಸಿಎಲ್ಲೇ. ನನಗೋ ಹಿಗ್ಗು. ಅದನ್ನೇ ಉಬುಂಟುವಿಗೆ ಹಾಕಿದೆ ನೋಡಿ, ಬ್ರೌಸರ್‌ಗೆ ಮೈಮೇಲೆ ಬಂದ ಹಾಗೆ ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹಾರತೊಡಗಿತು. ಆಲ್ಟ್ ಹಿಡಿದು ಅಂಕಿ ಒತ್ತಿದರೆ ಅಲ್ಲಿ ಟ್ಯಾಬ್ ಬದಲಾಗುತ್ತದೆ. ಆಲ್ಟ್ ಲೆಕ್ಕಾಚಾರ ವಿಂಡೋಸ್‌ನದು, ಬೇರೆಯವರಿಗೆ ಅದು ತಿಳಿಯದು. ಪುಸ್ತಿಕೆಯಲ್ಲಿ ಆ ಮಾತನ್ನು ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು.

ಇಷ್ಟೊತ್ತಿಗೆ ಇಂಗ್ಲಿಷ್ ಮೇಷ್ಟ್ರು ತಮ್ಮ ಮ್ಯಾಕ್‌ಬುಕ್ ಹಿಡಿದು ಬಂದರು. "ಇದರಲ್ಲಿ ನೋಡಿ, ಇದಕ್ಕೆ ಯಾವ ರಗಳೆಯೂ ಇಲ್ಲ." ಚುಚ್ಚಿದ ಕೂಡಲೇ ಅದು ಹೊಸ ಕೀಬೋರ್ಡ್ ಬಂದಿದೆ, ಎಡಗಡೆ ಶಿಫ್ಟ್ ಪಕ್ಕದ ಕೀಲಿ ಒತ್ತಿ ಅಂತ ಕೇಳಿತು. ಸ್ಕ್ಯಾನರ್‌ಗೆ ಇರುವುದು ಒಂದೇ ಗುಂಡಿ! ಮೇಷ್ಟ್ರು ಅದನ್ನೂ ತಿರುಗಿಸಿ ಮುರುಗಿಸಿ ಹುಡುಕಿದರು. ಆ ಕಿಟಕಿ ಮುಚ್ಚಿದ ಮೇಲೆ ಡಿಸಿಎಲ್ ಸರಿಯಾಗಿ ಬಂತು. ಅವರದರಲ್ಲಿ ಕನ್ನಡ ಹಾಕಿಕೊಂಡೇ ಇರಲಿಲ್ಲ.

ಕೊನೆಗೆ ಸ್ಕ್ಯಾನರನ್ನು ಮೊದಲಿನ ಸೆಟ್ಟಿಂಗಿಗೆ ತಂದೆ. ಎರಡೂ ಕಂಪ್ಯೂಟರಿನಲ್ಲಿ ಕಿಟಕಿಗೊಂದು ಭಾಷೆ ನೆನಪಿಟ್ಟುಕೊಳ್ಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿದೆ. ಸ್ಕ್ಯಾನ್ ಮಾಡುವ ಕಿಟಕಿಗೆ ಇಂಗ್ಲಿಷ್, ಹೆಸರು ಟೈಪ್ ಮಾಡುವ ಕಿಟಕಿಗೆ ಕನ್ನಡ. ತಪ್ಪಿದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರಾಯಿತು, ಅದು ಎರಡರಲ್ಲೂ ಒಂದೇ.

ಅಣ್ಣ ಈಗಲೂ ದಿನಾ ಬೆಳಿಗ್ಗೆ ನೋಟ್‌ಪ್ಯಾಡ್ ತೆಗೆದು ಬಿಸ್ಕತ್ ಪ್ಯಾಕೆಟ್ ಸ್ಕ್ಯಾನ್ ಮಾಡುತ್ತಾರೆ. ವಿಂಡೋಸ್‌ನಲ್ಲಿ ಅದು ಯಾವಾಗಲೂ ಸರಿಯಾಗೇ ಬರುತ್ತೆ ಅಣ್ಣ, ಅದರಿಂದ ಏನೂ ಗೊತ್ತಾಗಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ. "ಇರಲಿ ಬಿಡಿ ಮೇಡಂ" ಅಂತಾರೆ. ಆಮೇಲೆ ಪ್ಯಾಕೆಟ್ ಒಡೆದು ಟೀ ತರಲು ಹೋಗುತ್ತಾರೆ.