‘ಬಳ್ಳಿ’ ಮೊದಲೋ ‘ಬವಣೆ’ ಮೊದಲೋ

ಗ್ರಂಥಾಲಯವೊಂದರ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ದಿನಗಳಲ್ಲಿ ಅಲ್ಲಿನ ಗ್ರಂಥಪಾಲಕರು ಒಂದು ಬೆಳಿಗ್ಗೆ ಫೋನ್ ಮಾಡಿ, “ಪಟ್ಟಿಯಲ್ಲಿ ‘ಬಳ್ಳಿ’ಯ ನಂತರ ‘ಬವಣೆ’ ಬರುತ್ತಿದೆಯಲ್ಲ, ನಿಮ್ಮ ಯಂತ್ರಕ್ಕೆ ಅಕ್ಷರಮಾಲೆ ಬಾರದೇ?” ಎಂದು ಕೇಳಿದರು. ಡೇಟಾಬೇಸು ಅಕ್ಷರಗಳನ್ನು ಅವುಗಳ ಯುನಿಕೋಡ್ ಸಂಖ್ಯೆಯ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ನಿಗದಿಯಾದ ಸಂಖ್ಯೆಯ, ಕ್ರಮದಲ್ಲಿ ಜೋಡಿಸುತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚಿನಂತಿದ್ದ ‘ಇಸ್ಕಿ’ ಸಂಕೇತವ್ಯವಸ್ಥೆಯನ್ನು ಯುನಿಕೋಡ್ ಅನುಸರಿಸಿದ್ದರಿಂದ, ನಮ್ಮಲ್ಲಿ ಹಕಾರದ ನಂತರ ಬರಬೇಕಾದ ಳಕಾರ ಅಲ್ಲಿ ಲಕಾರದ ಬೆನ್ನಿಗೇ ಕುಳಿತಿದೆ.

ಪ್ರೋಗ್ರಾಮರ್ ಆದ ನಾನು ಹೋಲಿಕೆಯ ಹೊತ್ತಿನಲ್ಲಿ ಮಾತ್ರ ಳಕಾರವನ್ನು ಹಕಾರದ ಆಚೆಗೆ ತಳ್ಳುವ ಸಣ್ಣ ಫಂಕ್ಷನ್ ಬರೆದೆ. ಮಧ್ಯಾಹ್ನದೊಳಗೆ ಪಟ್ಟಿ ಸರಿಯಾಯಿತು. ಗಣಕವಿಜ್ಞಾನದಲ್ಲಿ ಸಂಶೋಧನೆ ಮಾಡಿ ಬಂದಿದ್ದ ಸಹೋದ್ಯೋಗಿ ಅದನ್ನು ನೋಡಿ ಕೇಳಿದ್ದೇ ಬೇರೆ: ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ ಮುಂದಿದ್ದರೆ, ಮೊದಲನೆಯದು ಮೂರನೆಯದಕ್ಕಿಂತ ಮುಂದೇ ಇರುತ್ತದೆಂದು ಈ ಹೋಲಿಕೆ ಯಾವಾಗಲೂ ಖಾತರಿ ಕೊಡುತ್ತದೆಯೇ? ಒಂದು ಲಕ್ಷ ಹೆಸರುಗಳನ್ನು ಜೋಡಿಸಲು ಸುಮಾರು 17 ಲಕ್ಷ ಹೋಲಿಕೆಗಳು ಬೇಕಾಗುವಾಗ ಪ್ರತಿ ಸಲವೂ ಅಕ್ಷರ ಪಲ್ಲಟಿಸುವ ಬದಲು, ಅದರ ಸ್ಥಾನ ಸೂಚಿಸುವ ಸಂಕೇತವನ್ನು, ಅಂದರೆ ಕೀಲಿಯನ್ನು, ಹೆಸರಿಗೊಂದರಂತೆ ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಸಾಲದೇ? ಆಕೆಗೆ ಈ ಗ್ರಂಥಾಲಯವೂ ಒಂದೇ, ತಮಿಳು ನಿಘಂಟೂ ಒಂದೇ.

ತಂಡದ ಹಿರಿಯ ಇಂಜಿನಿಯರ್ ಕೋಡನ್ನು ತೆರೆದೇ ನೋಡಲಿಲ್ಲ. “ನಾವು ಬಿಟ್ಟುಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು?” ಎಂದರು. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಮೂಲ ತಂತ್ರಾಂಶದ 2.28ನೇ ಆವೃತ್ತಿ 2018ರಲ್ಲಿ ವಿಂಗಡಣೆಯ ನಿಯಮಗಳನ್ನು ಬದಲಿಸಿದಾಗ, ಅದನ್ನು ನೆಚ್ಚಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸುಗಳಲ್ಲಿ ಹುಡುಕಾಟಕ್ಕೆಂದು ಮೊದಲೇ ಜೋಡಿಸಿಟ್ಟ ಸೂಚಿಗಳು ಹಳೆಯ ಕ್ರಮದಲ್ಲೇ ಉಳಿದು, ಇರುವ ದಾಖಲೆಯೇ ಹುಡುಕಿದರೆ ಸಿಗದಂತಾಗಬಹುದಾಗಿದ್ದ ಪ್ರಸಂಗವನ್ನು ಅವರು ಮರೆತಿರಲಿಲ್ಲ. ಸ್ವಂತ ಫಂಕ್ಷನ್ ಕೈಬಿಟ್ಟು ಹಲವು ಭಾಷೆಗಳ ಅಕ್ಷರಕ್ರಮದ ನಿಯಮಗಳಿರುವ ‘ಐಸಿಯು’ ಎಂಬ ಸಿದ್ಧ ತಂತ್ರಾಂಶವನ್ನು ಬಳಸುವುದು, ಅದರ ಆವೃತ್ತಿಯನ್ನು ದಾಖಲಿಸುವುದು, ಆವೃತ್ತಿ ಬದಲಾದಾಗಲೆಲ್ಲ ಸೂಚಿಗಳನ್ನು ಮರುನಿರ್ಮಿಸುವುದು ಎಂದು ತೀರ್ಮಾನವಾಯಿತು. ಬೆಂಗಳೂರಿನ ಕಂಪನಿಗಳ ಗುರುತಿನ ಚೀಟಿಯಲ್ಲಿ ನಾವು ಮೂವರೂ ಸಾಫ್ಟ್‌ವೇರ್ ಇಂಜಿನಿಯರುಗಳೇ. ಆದರೆ ಆ ಹುದ್ದೆಯ ಕೆಲಸ ಮಾಡಿದವರು ಅಂದು ಒಂದು ಸಾಲೂ ಬರೆಯದ ಅವರೊಬ್ಬರೇ ಎಂದು ನನಗನ್ನಿಸಿತು. ನನ್ನ ಫಂಕ್ಷನ್ ಹೋದದ್ದಕ್ಕೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಸಹೋದ್ಯೋಗಿ ಹೇಳಿದ ಕೀಲಿಯ ವಿಧಾನವಂತೂ ಐಸಿಯುವಿನೊಳಗೇ ಇತ್ತು.

ಉಳಿದದ್ದು ಪರೀಕ್ಷೆಗೆ ಬೇಕಾದ ಪದಗಳ ಪಟ್ಟಿ. ಅದನ್ನು ಗ್ರಂಥಪಾಲಕರಿಂದಲೇ ಬರೆಸಿಕೊಂಡೆವು. ಹಳಗನ್ನಡದ ೞಕಾರ ಎಲ್ಲಿ ಕೂರಬೇಕೆಂಬುದನ್ನು ತೀರ್ಮಾನಿಸುವುದು ನಮ್ಮ ಮೂವರಲ್ಲಿ ಯಾರ ಕಸುಬೂ ಆಗಿರಲಿಲ್ಲ.