ಅಂಗೈಗಿಂತ ಚಿಕ್ಕ ಕಿಟಕಿ, ಅದರೊಳಗಿನ ಗಾಳಿ

ಜರ್ಮನಿಯ ಆಖೆನ್ ನಗರದಲ್ಲಿ ನನ್ನ ಕೆಲಸದ ದಿನ ಆರಂಭವಾಗುವುದು ಗಾಜೊಂದನ್ನು ಒರೆಸುವುದರಿಂದ. ಅಂಗೈಗಿಂತ ಚಿಕ್ಕದಾದ ಈ ಗಾಜು ಕೇಂದ್ರಾಪಗಾಮಿ ಕಂಪ್ರೆಸರಿನ ಕವಚಕ್ಕೆ ಕೂರಿಸಿದ ಕಿಟಕಿ. ಅದರ ಒಳಮೈ ಕವಚದ ಬಾಗಿಗೆ ಸರಿಯಾಗಿ ಹೊಂದಬೇಕು, ಇಲ್ಲವಾದರೆ ನಾವು ನೋಡಹೊರಟ ಗಾಳಿಯ ದಾರಿಯನ್ನು ಕಿಟಕಿಯೇ ಕೆಡಿಸುತ್ತದೆ. ಶಿರಾಡಿ ಘಾಟಿ ಹತ್ತುವ ಲಾರಿಯ ಟರ್ಬೊದಲ್ಲಿರುವುದೂ ಇದೇ ಜಾತಿಯ ಯಂತ್ರ: ಇಂಪೆಲ್ಲರ್ ಎಂಬ ಅಲಗುಗಳ ಚಕ್ರ ನಡುವಿನಿಂದ ಗಾಳಿಯನ್ನು ಎಳೆದುಕೊಂಡು ಅಂಚಿಗೆ ಎಸೆಯುತ್ತದೆ, ಅದರಾಚೆ ಡಿಫ್ಯೂಸರ್ ಎಂಬ ಹಿಗ್ಗುತ್ತ ಹೋಗುವ ದಾರಿಯಲ್ಲಿ ಗಾಳಿಯ ವೇಗ ತಗ್ಗಿ ಒತ್ತಡ ಏರುತ್ತದೆ. "ಇಷ್ಟೇ ಆದರೆ ಅದರಲ್ಲಿ ವರ್ಷಗಟ್ಟಲೆ ನೋಡುವುದೇನಿದೆ ಮಾರಾಯ?" ಎಂದು ತೀರ್ಥಹಳ್ಳಿಯಿಂದ ಅಪ್ಪಯ್ಯ ಫೋನಿನಲ್ಲಿ ಕೇಳಿದರು. ಅವರಿಗೆ ಆಗ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೋಡುವುದು ಕಷ್ಟವಾದದ್ದರಿಂದಲೇ ಅದೊಂದು ಸಂಶೋಧನೆಯಾಗಿದೆ. ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಕೊಲೋನ್‌ನಲ್ಲಿ 1970ರ ದಶಕದಲ್ಲಿ ಡೀಟ್ಮಾರ್ ಎಕಾರ್ಟ್ ಎಂಬ ಸಂಶೋಧಕರು ಪರೀಕ್ಷಿಸಿದ ಇಂಪೆಲ್ಲರಿನ ವ್ಯಾಸ 400 ಮಿಲಿಮೀಟರ್, ಅಲಗುಗಳು 20. ಅದು ನಿಮಿಷಕ್ಕೆ 14,000 ಸುತ್ತು ತಿರುಗುವಾಗ ಅಂಚಿನ ವೇಗ ಸೆಕೆಂಡಿಗೆ 290 ಮೀಟರ್ ದಾಟುತ್ತದೆ, ಅಂಚಿನಲ್ಲಿರುವ ಲೋಹದ ಮೇಲೆ ಗುರುತ್ವಾಕರ್ಷಣೆಯ 40,000 ಪಟ್ಟಿಗೂ ಮಿಕ್ಕಿದ ಸೆಳೆತ ಬೀಳುತ್ತದೆ. ಅಲ್ಲಿ ಅಳೆಯುವ ಕಡ್ಡಿಯನ್ನು ಇಳಿಬಿಡುವ ಹಾಗಿಲ್ಲ. ಎಕಾರ್ಟ್ ಅವರು ಬಳಸಿದ್ದು ಅವರ ಸಹೋದ್ಯೋಗಿ ರಿಚರ್ಡ್ ಶೋಡ್ಲ್ ರೂಪಿಸಿದ ಲೇಸರ್ ವಿಧಾನವನ್ನು: ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಎರಡು ಬೆಳಕಿನ ಬಿಂದುಗಳನ್ನಿಟ್ಟು, ಗಾಳಿಯೊಡನೆ ಸಾಗುವ ಸೂಕ್ಷ್ಮ ಕಣವೊಂದು ಒಂದರಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಂಡ ಕಾಲದಿಂದ ವೇಗವನ್ನು ಲೆಕ್ಕ ಹಾಕುವುದು.

1976ರಲ್ಲಿ ಪ್ರಕಟವಾದ ಆ ಅಳತೆಗಳು ಕಂಡುಕೊಂಡದ್ದನ್ನು ತುಂಗೆಯಲ್ಲಿ ಈಜಿದವರಿಗೆ ಹೇಳುವುದು ಸುಲಭ. ಹೊಳೆಯ ತಿರುವಿನಲ್ಲಿ ಒಂದು ದಡದ ಕಡೆ ಸೆಳವು, ಇನ್ನೊಂದು ದಡದ ಕಡೆ ನಿಂತಂತಿರುವ ನೀರು. ಎರಡು ಅಲಗುಗಳ ನಡುವಿನ ದಾರಿಯಲ್ಲಿಯೂ ಗಾಳಿ ಮೊದಲರ್ಧದಲ್ಲಿ ಹೆಚ್ಚುಕಡಿಮೆ ಲೆಕ್ಕದಂತೆ ಹರಿದು, ಅಂಚಿನ ಕಡೆಗೆ ತಿರುಗುತ್ತಲೇ ಎರಡು ಪಾಲಾಗುತ್ತದೆ: ಅಲಗು ಗಾಳಿಯನ್ನು ತಳ್ಳುವ ಮುಖದ ಬಳಿ ರಭಸದ ಧಾರೆ, ಎದುರು ಮುಖ ಮತ್ತು ಕವಚ ಕೂಡುವ ಮೂಲೆಯಲ್ಲಿ ಸೋತು ಹಿಂದುಳಿದ ಗಾಳಿ. ದಾರಿಯ ಬಾಗು, ಚಕ್ರದ ತಿರುಗುವಿಕೆ ಇವೆರಡೂ ಸೇರಿ ಗೋಡೆಗಳಿಗೆ ಅಂಟಿಕೊಂಡ ನಿಧಾನದ ಗಾಳಿಯನ್ನು ಆ ಮೂಲೆಗೆ ಗುಡಿಸಿ ಹಾಕುತ್ತವೆ. ಇದನ್ನೇ ಇನ್ನಷ್ಟು ಬಿಡಿಸಿ ನೋಡಲೆಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ನಾಸಾ ಕೇಂದ್ರದವರು ಒಂದೂವರೆ ಮೀಟರ್ ವ್ಯಾಸದ ಇಂಪೆಲ್ಲರನ್ನೇ ಕಟ್ಟಿ, ನಿಮಿಷಕ್ಕೆ 2,000ಕ್ಕೂ ಕಡಿಮೆ ಸುತ್ತಿನಲ್ಲಿ ತಿರುಗಿಸಿದರು. ವೇಗ ತಗ್ಗಿಸಿ ಗಾತ್ರ ಹಿಗ್ಗಿಸುವ ಈ ಉಪಾಯ ನನಗೆ ಬಹಳ ಮೆಚ್ಚಿಗೆಯಾದದ್ದು.

ನಮ್ಮ ವಿಧಾನ ಬೇರೆ. ಮೈಕ್ರೋಮೀಟರ್ ಗಾತ್ರದ ಎಣ್ಣೆಹನಿಗಳನ್ನು ಗಾಳಿಗೆ ಬೆರೆಸಿ, ಹಾಳೆಯಷ್ಟು ತೆಳುವಾಗಿ ಹರಡಿದ ಹಸಿರು ಲೇಸರ್ ಬೆಳಕಿನಲ್ಲಿ ಒಂದೆರಡು ಮೈಕ್ರೋಸೆಕೆಂಡ್ ಅಂತರದಲ್ಲಿ ಎರಡು ಚಿತ್ರ ತೆಗೆಯುತ್ತೇವೆ, ಹನಿಗಳು ಎಷ್ಟು ಸರಿದವೆಂಬುದೇ ವೇಗ. ಹನಿ ದೊಡ್ಡದಾದರೆ ಗಾಳಿಯೊಂದಿಗೆ ತಿರುಗಲಾರದೆ ನೇರ ಗೋಡೆಗೆ ಹೋಗಿ ಬಡಿಯುತ್ತದೆ. ಮೊದಲ ಚಳಿಗಾಲದಲ್ಲಿ ಒಂದು ಮಧ್ಯಾಹ್ನವಿಡೀ ನಾನು ಕವಚದ ಬಳಿ ಸೊಗಸಾದ ಮಂದಪ್ರವಾಹವೊಂದನ್ನು ಕಂಡು ಹಿಗ್ಗಿದ್ದೆ. ಎಲ್ಲ ವೇಗಗಳಲ್ಲಿಯೂ, ಎಲ್ಲ ಒತ್ತಡಗಳಲ್ಲಿಯೂ ಅದು ಅದೇ ಜಾಗದಲ್ಲಿ ಅಲ್ಲಾಡದೆ ಕುಳಿತಿದ್ದಾಗಲೇ ಅನುಮಾನ ಬರಬೇಕಿತ್ತು. ಕಿಟಕಿ ಬಿಚ್ಚಿ ನೋಡಿದರೆ ಗಾಜಿನ ಒಳಮೈಗೆ ಉಗುರಗಲ ಎಣ್ಣೆ ಮೆತ್ತಿಕೊಂಡಿತ್ತು. ಅಂಟಿಕೊಂಡ ಹನಿಗಳು ಎರಡೂ ಚಿತ್ರಗಳಲ್ಲಿ ಒಂದೇ ಕಡೆ ಇರುವುದರಿಂದ ಗಣಕ ಅಲ್ಲಿನ ಗಾಳಿ ನಿಂತಿದೆಯೆಂದು ಹೇಳುತ್ತಿತ್ತು. ದಿನದ ಆರಂಭದ ಒರೆಸುವಿಕೆ ಅಂದಿನಿಂದ ಬಂದದ್ದು.

ಉಳಿದ ಹೊತ್ತಿನ ಬಹುಪಾಲು ಕಾಯುವುದರಲ್ಲಿ ಕಳೆಯುತ್ತದೆ. ಯಂತ್ರ ಹೊರಟ ಮೇಲೆ ಲೋಹವೆಲ್ಲ ಬಿಸಿಯಾಗಿ ಉಷ್ಣಾಂಶದ ಅಂಕಿಗಳು ನೆಲೆ ನಿಲ್ಲುವ ತನಕ ಏನನ್ನೂ ಬರೆದುಕೊಳ್ಳುವುದಿಲ್ಲ. ಒತ್ತಡ ಎರಡು ಪಟ್ಟಾಗುವಲ್ಲಿ ಗಾಳಿ ಸುಮಾರು 80 ಡಿಗ್ರಿಯಷ್ಟು ಬಿಸಿಯೇರುತ್ತದೆ. ಅದರಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಯಂತ್ರದ ದಕ್ಷತೆಯ, ಅಂದರೆ ಕೊಟ್ಟ ಶಕ್ತಿಯಲ್ಲಿ ಒತ್ತಡ ಏರಿಸಲು ಸಂದ ಪಾಲಿನ ಲೆಕ್ಕ ಸುಮಾರು ಅರ್ಧ ಶೇಕಡಾ ತಪ್ಪುತ್ತದೆ, ಹೊಸ ಅಲಗಿನಿಂದ ನಾವು ಗಳಿಸಹೊರಟದ್ದೂ ಕೆಲವೊಮ್ಮೆ ಅಷ್ಟೇ.

ಹೊರದಾರಿಯ ಕವಾಟವನ್ನು ಮುಚ್ಚುತ್ತ ಹೋದಂತೆ ಗಾಳಿ ಕಡಿಮೆಯಾಗಿ, ಒಂದು ಹಂತ ದಾಟಿದೊಡನೆ ಸರ್ಜ್ ಆಗುತ್ತದೆ: ಒತ್ತಿಟ್ಟ ಗಾಳಿಯೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗಿ, ಮತ್ತೆ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತದೆ. ನಿಯಂತ್ರಣ ಕೋಣೆಯ ದಪ್ಪ ಗೋಡೆಯ ಈಚೆಗೂ ಆ ಗುದ್ದು ಎದೆಗೆ ತಟ್ಟುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಆ ಮಂದಗಾಳಿಯ ಮೂಲೆಯಲ್ಲಿ ಏನಾಗುತ್ತದೆ ಎಂಬುದೇ ನನ್ನ ಸಂಶೋಧನಾ ಪ್ರಬಂಧದ ಪ್ರಶ್ನೆ. ಮುಂದಿನ ವಾರ ಕವಾಟವನ್ನು ಆ ಅಂಚಿನವರೆಗೆ ಮುಚ್ಚುವ ಸರದಿ ನನ್ನದು. ಗಾಜು ಒರೆಸುವ ಬಟ್ಟೆಯ ಹೊಸ ಕಟ್ಟನ್ನು ಈಗಲೇ ತೆಗೆದಿರಿಸಿದ್ದೇನೆ.