ಸರ್ಗೋಧ ತಾಳೆ ಪುಸ್ತಕ: ಆರನೇ ವಾರದವರೆಗಿನ ಕೆಲಸ

ವಾರ 1
ಸಿನಿಮಾದ ದೃಶ್ಯಗಳನ್ನು ಪೈಲಟ್‌ಗಳ ಬರಹ, ಸೇನಾ ದಾಖಲೆಗಳ ಜೊತೆ ತಾಳೆ ನೋಡುವ ಕೆಲಸ ಇದು. ವಿಷಯ ಒಂದೇ: 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ಮೇಲೆ ಭಾರತೀಯ ವಾಯುಪಡೆಯ ದಾಳಿ, ಅದರಲ್ಲಿ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. ಮಡಿಕೇರಿಯಲ್ಲಿ ಅವರ ಪ್ರತಿಮೆ ನೋಡದವರಿಲ್ಲ; ಆ ಬೆಳಿಗ್ಗೆ ಏನಾಯಿತೆಂದು ಬಲ್ಲವರು ಕಡಿಮೆ.

200 ಪುಟದ ಲೆಡ್ಜರ್. ಪುಟಕ್ಕೆ ಐದು ಕಲಂ: ದೃಶ್ಯ, ನಿಮಿಷ, ಪೈಲಟ್‌ಗಳ ಬರಹ, ಸೇನಾ ದಾಖಲೆ, ಷರಾ. ಷರಾಕ್ಕೆ ಅರ್ಧ ಪುಟ ಬಿಡಿ, ಜಗಳವೆಲ್ಲ ಅಲ್ಲೇ ನಡೆಯುವುದು.

ವಾರ 2–3
ಈ ದಾಳಿಯನ್ನೇ ಆಧರಿಸಿದ ‘ಸ್ಕೈ ಫೋರ್ಸ್’ (2025) ಚಿತ್ರವನ್ನು ಎರಡು ಸಲ ನೋಡಬೇಕು. ಮೊದಲು ತಡೆಯಿಲ್ಲದೆ, ಆಮೇಲೆ ನಿಲ್ಲಿಸಿ ನಿಲ್ಲಿಸಿ. ಚಿತ್ರದಲ್ಲಿ ಹೆಸರುಗಳು ಬದಲಾಗಿರುವುದರಿಂದ ಲೆಡ್ಜರಿನ ಮೊದಲ ಪುಟದಲ್ಲೇ ಯಾರು ಯಾರೆಂದು ಬರೆದಿಡದಿದ್ದರೆ ಮೂರನೇ ಪುಟಕ್ಕೆ ಗೋಜಲು.

ಕಾದಾಟದ ಭಾಗಕ್ಕೆ ಹೆಚ್ಚು ಹೊತ್ತು ಹಿಡಿಯಿತು. ದೇವಯ್ಯ ಹಾರಿಸುತ್ತಿದ್ದ ಮಿಸ್ಟೇರ್ ವಿಮಾನಕ್ಕೆ ನೇರ ಹಾರಾಟದಲ್ಲಿ ಶಬ್ದದ ವೇಗವೂ ಇಲ್ಲ. ಎದುರಿಗಿದ್ದ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್‌ಗೆ ಅದರ ಎರಡರಷ್ಟು. ಆದರೂ ಸ್ಟಾರ್‌ಫೈಟರ್ ಉರುಳಿತು. ಕಾರಣ ರೆಕ್ಕೆಯಲ್ಲಿದೆ: ಅದರ ರೆಕ್ಕೆ ಚಿಕ್ಕದು, ತಿರುವು ದೊಡ್ಡದು. ತಗ್ಗಿನಲ್ಲಿ ವೇಗ ಇಳಿಸಿ ತಿರುಗಾಟಕ್ಕೆ ಇಳಿದರೆ ಮಿಸ್ಟೇರ್‌ನದೇ ಮೇಲುಗೈ. ಆದರೆ ಹಾಗೆ ತಿರುಗುತ್ತ ಸುಡುವುದು ಪಂಜಾಬಿನ ಆದಂಪುರದ ನೆಲೆಗೆ ಮರಳಲು ಬೇಕಾದ ಇಂಧನ. ತೆರೆಯ ಮೇಲೆ ಅಬ್ಬರ ಕಾಣುತ್ತದೆ, ಈ ಲೆಕ್ಕ ಕಾಣುವುದಿಲ್ಲ. ದೇವಯ್ಯ ಆ ದಾಳಿಗೆ ಬದಲಿಯಾಗಿ ನಿಂತಿದ್ದ ಪೈಲಟ್ ಎಂಬುದನ್ನೂ ಇದರ ಪಕ್ಕದಲ್ಲೇ ಬರೆದಿದೆ.

ವಾರ 4
ಸಮಯ ತಾಳೆಯಾಗಲಿಲ್ಲ. ಎರಡೂ ಕಡೆಯವರ ಬರಹಗಳಲ್ಲಿ ಅರ್ಧ ಗಂಟೆಯ ವ್ಯತ್ಯಾಸ! ಯಾರೂ ಸುಳ್ಳು ಹೇಳಿಲ್ಲ. ಪಶ್ಚಿಮ ಪಾಕಿಸ್ತಾನದ ಗಡಿಯಾರ ನಮ್ಮದಕ್ಕಿಂತ 30 ನಿಮಿಷ ಹಿಂದೆ. ಅವರ 5:30 ಅಂದರೆ ನಮ್ಮ 6:00. ಇದಕ್ಕೆ ಮುಂಚೆ ಬರೆದ ನಾಲ್ಕು ಪುಟ ಹೊಡೆದುಹಾಕಬೇಕಾಯಿತು. ಈಗ ಭಾರತೀಯ ಕಾಲಮಾನ ನೀಲಿ ಶಾಯಿಯಲ್ಲಿ, ಅವರದು ಕೆಂಪಿನಲ್ಲಿ.

ವಾರ 5
ಊರಿನ ಮಾಜಿ ಸೈನಿಕರ ಮಾತಿನ ಧ್ವನಿಮುದ್ರಣ. ನಿಯಮ ಒಂದೇ, ಮೀರಬಾರದು: ಮಾತು ಮೊದಲು, ಸಿನಿಮಾ ಆಮೇಲೆ. ಸಿನಿಮಾ ನೋಡಿ ಬಂದವರ ನೆನಪಿನೊಳಗೆ ಅದರ ದೃಶ್ಯಗಳು ಸೇರಿಕೊಳ್ಳುತ್ತವೆ, ಆಮೇಲೆ ಬೇರ್ಪಡಿಸಲು ಆಗದು. “ಹೆದರಿಕೆ ಆಯ್ತಾ ಅಂಕಲ್?” ಎಂದು ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತದೆ. “ಅವತ್ತು ಊಟಕ್ಕೆ ಏನಿತ್ತು?” ಎಂದು ಕೇಳಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಜೂನ್–ಜುಲೈ ಬೇಡ, ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ರೆಕಾರ್ಡರಿನಲ್ಲಿ ಮಳೆಯೇ ಉಳಿಯುವುದು.

ವಾರ 6
ಕಷ್ಟದ ಭಾಗ ಇದು. 1965ರಲ್ಲಿ ದೇವಯ್ಯ ‘ಕಾಣೆ’. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ಸ್ಟಾರ್‌ಫೈಟರ್ ಬಿದ್ದದ್ದು ಹೇಗೆಂದು ಸುಳಿವು. ಮಹಾವೀರ ಚಕ್ರ 1988ರಲ್ಲಿ, 23 ವರ್ಷಗಳ ನಂತರ. ನಿಮಿಷಗಳ ಲೆಕ್ಕಕ್ಕೆಂದು ಗೆರೆ ಎಳೆದ ಕಲಂಗಳಲ್ಲಿ ವರ್ಷಗಳನ್ನು ಎಲ್ಲಿ ಬರೆಯುವುದು? ಸದ್ಯಕ್ಕೆ ವರ್ಷಕ್ಕೊಂದರಂತೆ 23 ಪುಟ ಖಾಲಿ ಬಿಟ್ಟಿದೆ. ಮೇಲೆ ಇಸವಿ ಮಾತ್ರ.